ಇನ್ನೂರಾ ಹನ್ನೊಂದನೆಯ ಸರ್ಟಿಫಿಕೇಟು

ಹಳಿಯಾಳದ ಸರಕಾರಿ ದವಾಖಾನೆಯಲ್ಲಿ ಹುಣ್ಣು ತೊಳೆದು ಪಟ್ಟಿ ಕಟ್ಟುವ ಉಳವಪ್ಪ, ಮುಂಬಯಿಯಲ್ಲಿ ದೊಡ್ಡ ಸಾಹೇಬನಾಗಲು ಹೊರಟದ್ದಕ್ಕೆ ಆತನ ಹೆಂಡತಿ ಹೊಳೆವ್ವನ ಬಲಗೈಯೇ ಕಾರಣ. ಇದನ್ನು ಮೊದಲೇ ಹೇಳಿಬಿಡುವುದು ಛಲೋ, ಯಾಕೆಂದರೆ ಊರೊಳಗೆ ಬೇರೆ ಬೇರೆ ಕಾರಣ ಹೇಳುವವರಿದ್ದರು. ನಲವತ್ತೈದು ದಾಟಿದ ಮೇಲೆ ಈ ಮನುಷ್ಯನಿಗೆ ಷೋಕಿ ಹತ್ತಿದೆ ಎಂದರು ಕೆಲವರು. ತಲೆಯ ಮೇಲೆ ಚಷ್ಮಾ ಇಟ್ಟುಕೊಂಡು ಮನೆಯೆಲ್ಲ ಚಷ್ಮಾ ಹುಡುಕುವವನಿಗೆ ತಲೆ ಇದ್ದರೆಷ್ಟು, ತಿರುಗಿದರೆಷ್ಟು ಎಂದರು ಇನ್ನು ಕೆಲವರು. ಎಲ್ಲ ಸುಳ್ಳು. ಕಾರಣ ಆ ಬಲಗೈ.

ಮೂರು ವರ್ಷದ ಹಿಂದೆ, ಹಳಿಯಾಳ ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ, ರೊಟ್ಟಿ ಬಡಿಯುತ್ತ ಕುಳಿತ ಹೊಳೆವ್ವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮೋರೆಯ ಬಲಭಾಗ ಅಷ್ಟೂ ಹೋದವು. ಬಾಯಿ ಮಾತ್ರ ಒಂದು ತಿಂಗಳಲ್ಲಿ ತಿರುಗಿ ಬಂತು. ಬಾಯಿ ಬಂದದ್ದು ಊರಿಗೆ ಒಳ್ಳೆಯದೇ ಆಯಿತು, ಹೊಳೆವ್ವನ ಚಾಷ್ಟಿ ಮಾತು ಕೇಳದೆ ಆ ಓಣಿಗೆ ಹೊತ್ತು ಹೋಗುತ್ತಿರಲಿಲ್ಲ.

ಉಳವಪ್ಪ ಚಿಕ್ಕವನಿದ್ದಾಗ ಗರಡಿಮನೆಯಲ್ಲಿ ಪೈಲವಾನರ ಮೈ ತಿಕ್ಕಿದವನು, ಆಮೇಲೆ ಮಿರಜಿಯ ದವಾಖಾನೆಯಲ್ಲಿ ಒಂದು ವರ್ಷ ಮಾಲೀಸು ಕಲಿತು ಬಂದವನು. ಉಳುಕಿದ ಕಾಲು, ಸರಿದ ಭುಜ, ಹಿಡಿದ ಸೊಂಟ ಅವನ ಕೈಗೆ ಬಂದರೆ ನೆಟ್ಟಗಾಗುತ್ತಿದ್ದವು. ತಾಲೂಕಿನ ಕೈಕಾಲೆಲ್ಲ ನೆಟ್ಟಗೆ ಮಾಡಿದ ಆ ಕೈಗೆ ಹೆಂಡತಿಯ ಕೈ ಮಾತ್ರ ಜಗ್ಗಲಿಲ್ಲ. ಆದರೂ ದಿನಾ ಮುಂಜಾನೆ ಒಮ್ಮೆ, ಸಂಜೆಗೊಮ್ಮೆ ಬೆಳ್ಳುಳ್ಳಿ ಹಾಕಿ ಹರಳೆಣ್ಣೆ ಕಾಸಿ ತಿಕ್ಕುತ್ತಿದ್ದ. ತಿಕ್ಕಿ ಮುಗಿದ ಮೇಲೆ ತಪ್ಪದೆ ಅನ್ನುತ್ತಿದ್ದ:

"ಇವತ್ತ ಹೆಬ್ಬೆರಳು ಒಂಚೂರು ಅಳ್ಳಾಡಿತು ನೋಡು."

"ಹೌದನ್ರಿ?" ಎನ್ನುತ್ತಿದ್ದಳು ಹೊಳೆವ್ವ.

"ಹೌದ ಮತ್ತ. ನಾ ಕಣ್ಣಾರೆ ನೋಡಿದೆ."

ಹೀಗಿರುವಾಗ ಒಂದು ಸಂತೆಯ ದಿನ ದಾಂಡೇಲಿಯ ಬಾಬಾಜಾನ ಬಂದ. ಬಾಬಾಜಾನ ಲಾರಿ ದುರಸ್ತಿ ಮಾಡುವ ಮಿಸ್ತ್ರಿ. ಒಮ್ಮೆ ಜ್ಯಾಕು ಜಾರಿ ಸರಿದ ಅವನ ಭುಜ ಕೂಡಿಸಿದ್ದು ಉಳವಪ್ಪನೇ. ಮುಂಬಯಿ ಲಾರಿಯ ಡ್ರೈವರನಿಂದ ಸಿಕ್ಕ ಮರಾಠಿ ಪೇಪರನ್ನು ಅಂವ ಕಿಸೆಯಿಂದ ತೆಗೆದು ಹರವಿದ.

"ಉಳವಪ್ಪಣ್ಣಾ, ಮುಂಬಯಿ ಶಹರದ ಆರೋಗ್ಯ ಖಾತೆದಾಗ ಸೀನಿಯರ್ ಫಿಜಿಯೋಥೆರಪಿಸ್ಟ ಬೇಕಾಗ್ಯಾರ. ಅಂದ್ರ ನಿನ್ನ ಮಾಲೀಸಿಗೆ ಕೋಟು ತೊಡಿಸ್ಯಾರ, ಅಷ್ಟ. ಪದವಿ ಬೇಕು, ಇಲ್ಲಾಂದ್ರ ಹತ್ತು ವರ್ಷದ ಅನುಭವ ಬೇಕು. ಇಬ್ಬರು ಮಾನವಂತರ ಸರ್ಟಿಫಿಕೇಟು ಬೇಕು."

"ಏ ಬಾಬಾಜಾನ, ಕೋಟು ತೊಡೂ ಕೆಲಸ ನನಗ್ಯಾಕೋ?"

"ಕೆಳಗ ಓದು. ನೌಕರರ ಮನಿ ಮಂದಿಗೆ ಔಷಧೋಪಚಾರ ಪುಕ್ಕಟೆ. ಕರೆಂಟಿನ ಮಶೀನ ಇಟ್ಟು ಲಕ್ವಾ ಬಿಡಸ್ತಾರಂತ ಅಲ್ಲೆ. ಡ್ರೈವರ ತನ್ನ ಕಣ್ಣಾರೆ ನೋಡ್ಯಾನ."

ಉಳವಪ್ಪ ಪೇಪರು ಓದಲು ಚಷ್ಮಾ ಹುಡುಕಿದ. ಒಳಗಿಂದ ಹೊಳೆವ್ವ, "ತಲಿ ಮ್ಯಾಲೆ ಐತ್ರೀ," ಅಂದಳು.

ಅಲ್ಲಿಗೆ ಅರ್ಜಿ ಹಾಕುವುದು ಖಾಯಂ ಆಯಿತು. ದವಾಖಾನೆಯ ಡಾಕ್ಟರು ನಕ್ಕರು, ಆದರೆ ಒಂದು ಸರ್ಟಿಫಿಕೇಟು ಬರೆದುಕೊಟ್ಟರು. ಕನ್ನಡ ಸಾಲೆಯ ಈಶಪ್ಪ ಮಾಸ್ತರರು ಇನ್ನೊಂದು ಬರೆದುಕೊಟ್ಟು, ಅರ್ಜಿಯನ್ನೂ ಇಂಗ್ಲೀಷಿನಲ್ಲಿ ತಾವೇ ಬರೆದರು. ಬೇಕಾದದ್ದು ಎರಡು, ಬಂದದ್ದು ಎರಡು. ಜಗತ್ತಿನ ಯಾವುದೇ ಊರಾಗಿದ್ದರೆ ಈ ಕಥೆ ಇಲ್ಲಿಗೆ ಮುಗಿದು ಉಳವಪ್ಪ ಪೋಸ್ಟಿಗೆ ನಡೆಯುತ್ತಿದ್ದ.

ಆದರೆ ನಮ್ಮ ಕಡೆಯ ರೀತಿ ಗೊತ್ತಲ್ಲ. ಮದುವೆಗೆ ಓಣಿಯೊಳಗೆ ಒಬ್ಬರನ್ನು ಕರೆದರೆ ಎಲ್ಲರನ್ನೂ ಕರೆಯಬೇಕು. ಎರಡು ಮನೆಗೆ ವೀಳ್ಯ ಕೊಟ್ಟು ಮೂರನೆಯ ಮನೆ ದಾಟಿ ಹೋದರೆ, ಆ ಮೂರನೆಯ ಮನೆಯವರು ಮೂರು ತಲೆಮಾರು ಮಾತಾಡುವುದಿಲ್ಲ. ಮರುದಿನ ಮುಂಜಾನೆ ಎದುರು ಬಾಗಿಲ ಮನೆಯ ಗುರುಬಸವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ಬಂದು ಹೊಸ್ತಿಲ ಹೊರಗೇ ನಿಂತಳು. ಅರವತ್ತು ವರ್ಷದ ಹೆಣ್ಣುಮಗಳು, ಒಳಗೆ ಬಾ ಅಂದರೂ ಬರಲಿಲ್ಲ.

"ಅಲ್ಲೋ ಉಳವಪ್ಪಾ, ನನ್ನ ಸೊಂಟ ನೆಟ್ಟಗ ಮಾಡಿದಾಂವ ನೀನು. ಸರ್ಟಿಫಿಕೇಟು ಕೊಡಾಕ ಮಾಸ್ತರ ಬೇಕಾದ? ಅವನ ಸೊಂಟಕ್ಕೇನಾಗಿತ್ತೋ?"

"ಅತ್ತೀ, ಎರಡ ಸಾಕಂತ ಬರದಾರ..."

"ಎರಡ್ರಾಗ ನಾ ಇಲ್ಲ ಅಂದಂಗಾತು. ಆಗಲಿ ತಗೊ. ನಾ ಮಾನವಂತಳಲ್ಲ."

ಸೆರಗು ಮೋರೆಗೆ ಹಚ್ಚಿಕೊಂಡು ಗುರುಬಸವ್ವ ಹೊರಳಿದಳು. ಯಾರಿಗೂ ಇಲ್ಲ ಅಂದು ಗೊತ್ತಿಲ್ಲದ ಉಳವಪ್ಪ ಹಿಂದೆ ಓಡಿ, ಎಲೆ ಅಡಿಕೆ ಅವಳ ಕೈಗಿಟ್ಟು, "ತಪ್ಪಾತು ಅತ್ತೀ, ನಿನ್ನ ಸರ್ಟಿಫಿಕೇಟು ಬೇಕ ಬೇಕು," ಅಂದುಬಿಟ್ಟ. ಆ ಎಲೆ ಅಡಿಕೆ ಕೊಟ್ಟದ್ದೇ ಕೆಟ್ಟದ್ದಾಯಿತು. ಸಂಜೆಯಾಗುವುದರೊಳಗೆ ಉಳವಪ್ಪ ಸರ್ಟಿಫಿಕೇಟಿಗೆ ವೀಳ್ಯ ಕೊಡುತ್ತಿದ್ದಾನೆ ಎಂಬ ಸುದ್ದಿ ಊರು ಸುತ್ತಿತು. ಇನ್ನು ಕೊಡದೆ ಬಿಟ್ಟರೆ ಆದೀತೆ? ತಟ್ಟೆ ಹಿಡಿದು ಮನೆಮನೆಗೆ ಹೊರಟ. ತಾನು ಮುಟ್ಟಿದ ಕೈ, ಕಾಲು, ಕುತ್ತಿಗೆಗಳನ್ನೆಲ್ಲ ಜ್ಞಾಪಿಸಿಕೊಂಡು, ಯಾರ ಮನೆಯನ್ನೂ ಬಿಡದೆ ಕರೆದ.

ಮಂದಿ ಬಂದರು. ಸನವಳ್ಳಿಯಿಂದ ಬಂದರು, ದಾಂಡೇಲಿಯ ಕಾಗದದ ಗಿರಣಿಯಿಂದ ಪಾಳಿ ಮುಗಿಸಿ ಬಂದರು. ಹಿರಿಯರಿಗೆ ಸರಕಾರ ಅಂದರೆ ಇನ್ನೂ ಮುಂಬಯಿಯೇ. "ಮುಂಬಯಿ ಸರಕಾರಕ್ಕ ನಮ್ಮ ಗುರ್ತು ಐತಿ, ನಾ ಹೇಳೀನಿ ಅಂದ್ರ ಇಲ್ಲ ಅನ್ನೂದಿಲ್ಲ," ಎಂದು ರುಮಾಲು ಸುತ್ತಿಕೊಂಡು ಕಟ್ಟೆಯ ಮೇಲೆ ಕುಳಿತರು. ಈಶಪ್ಪ ಮಾಸ್ತರರು ಸಾಲೆ ಬಿಟ್ಟೊಡನೆ ಬಂದು ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆದು ಹೆಬ್ಬೆಟ್ಟು ಒತ್ತಿಸುತ್ತಿದ್ದರು. ಮೈ ನೆಟ್ಟಗಿದ್ದವರಿಗೆ ಬೇರೆಯೇ ಚಿಂತೆ. ಜೀವಮಾನದಲ್ಲಿ ಒಮ್ಮೆಯೂ ಉಳುಕದ ಒಬ್ಬ ಕಿರಾಣಿ ಅಂಗಡಿಯವ ಬಂದು, "ಈಗ ಒಂದೀಟು ಭುಜ ತಿಕ್ಕಿಬಿಡಪಾ, ಆರಾಮಾತು ಅಂತ ಬರಸ್ತೇನಿ," ಅಂದ. ಉಳವಪ್ಪ ತಿಕ್ಕಿದ. ಅದನ್ನು ನೋಡಿ ಅವನ ಹಿಂದೆ ಹದಿನಾಲ್ಕು ಮಂದಿ ಸಾಲು ಹಚ್ಚಿದರು.

ಎಂಟನೆಯ ದಿನ ಸಾಂಬ್ರಾಣಿ ಊರಿನ ದ್ಯಾಮಪ್ಪಗೌಡರು ಚಕ್ಕಡಿ ಕಟ್ಟಿಕೊಂಡು ಬಂದರು. ತಮ್ಮ ಮೊಣಕಾಲಿನ ಸರ್ಟಿಫಿಕೇಟು ಮುಗಿಸಿ, ಚಕ್ಕಡಿಯ ಎಡಗಡೆಯ ಎತ್ತಿನ ಕಡೆ ಕೈ ಮಾಡಿದರು.

"ಇವಂದೂ ಬರೀರಿ ಮಾಸ್ತರ."

"ಯಾರದ್ರಿ ಗೌಡ್ರ?"

"ಎತ್ತಿಂದು. ಹೋದ ವರ್ಷ ಇವನ ಮುಂಗಾಲು ಸರದಿತ್ತು. ದನದ ಡಾಕ್ಟರ ಕುಣಿ ತೋಡ್ರಿ ಅಂದಿದ್ದ. ಉಳವಪ್ಪ ಕೂಡಿಸಿದ. ಉಪಕಾರ ಮರೆಯೂ ಜಾತಿ ಅಲ್ಲ ಇವನು."

"ಎತ್ತು ಮಾನವಂತರ ಪೈಕಿ ಬರೂದಿಲ್ರಿ," ಎಂದರು ಮಾಸ್ತರರು.

"ನಿಮ್ಮ ಊರಾಗಿನ ಎಷ್ಟೋ ಮಂದಿಗಿಂತ ಮಾನವಂತ ಐತಿ," ಅಂದರು ಗೌಡರು. ಮಾಸ್ತರರು ಎತ್ತಿನದೂ ಒಂದು ಬರೆದರು. ಗೊರಸಿಗೆ ಶಾಯಿ ಹಚ್ಚಿ ಒತ್ತಿಸಿದರು. ಒಳಗೆ ಹೊರಸಿನ ಮೇಲೆ ಮಲಗಿ ಕಿಟಕಿಯಿಂದ ನೋಡುತ್ತಿದ್ದ ಹೊಳೆವ್ವ, ಮೋರೆಯ ಅರ್ಧದಲ್ಲಿ ಕಣ್ಣೀರು ಬರುವ ತನಕ ನಕ್ಕಳು. ಮೂರು ವರ್ಷದಲ್ಲಿ ಆಕಿ ಅಷ್ಟು ನಕ್ಕದ್ದು ಅದೇ ಮೊದಲು.

ನಡುವೆ ಒಂದು ಕೆಲಸ ತಪ್ಪತೊಡಗಿತ್ತು. ಸಂಜೆಯ ಎಣ್ಣೆ ಕಾಯುವುದು ಕಡಿಮೆಯಾಯಿತು. ಉಳವಪ್ಪ ಎಣ್ಣೆಯ ಬಟ್ಟಲು ಒಲೆಯ ಮೇಲಿಡುವುದರೊಳಗೆ ಹೊರಗಿಂದ ಯಾರೋ ಕೂಗುತ್ತಿದ್ದರು.

"ಹೋಗ್ರಿ, ಮಂದಿ ಕುಂತಾರ," ಎನ್ನುತ್ತಿದ್ದಳು ಹೊಳೆವ್ವ.

"ಬರತೇನಿ ತಡಿ. ಎಲ್ಲಾ ನಿನ್ನ ಸಲುವಾಗೇ ಅಲ್ಲೇನ?"

"ಗೊತ್ತೈತಿ. ಹೋಗ್ರಿ."

ಆ ಹದಿನೈದು ದಿನದಲ್ಲಿ ಉಳವಪ್ಪ ಊರಿಗೆಲ್ಲ ಸಿಕ್ಕ, ಆಕಿಗೊಬ್ಬಳಿಗೆ ಸಿಗಲಿಲ್ಲ. ಇದನ್ನು ನಾನು ಬೈದು ಹೇಳುತ್ತಿಲ್ಲ. ಪಾಪ, ಆ ಪ್ರಾಣಿಗೆ ಒಂದು ಕೆಲಸ ಹಿಡಿದರೆ ಇನ್ನೊಂದು ಕೈಬಿಡುತ್ತಿತ್ತು.

ಕೊನೆಗೆ ಇನ್ನೂರಾ ಹತ್ತಕ್ಕೆ ನಿಂತಿತು. ಉಳವಪ್ಪ ತಾನೇ ಮೂರು ಸಲ ಎಣಿಸಿದ. ಈಶಪ್ಪ ಮಾಸ್ತರರು ಗಂಟನ್ನು ತಮ್ಮ ಮನೆಗೆ ಒಯ್ದು ಮಂಜರಪಾಟ ಬಟ್ಟೆಯಲ್ಲಿ ಹೊಲಿದು, ಅರಗಿನ ಮುದ್ರೆ ಹಾಕಿ ತಂದರು. ಅದನ್ನು ತಕ್ಕಡಿಗೆ ಹಾಕಿದ ಪೋಸ್ಟ ಮಾಸ್ತರರು, "ಇದು ಅರ್ಜಿನೋ, ಬೆಲ್ಲದ ಪೆಂಟಿನೋ?" ಎಂದರು. ಟಪಾಲು ಹೋಗುವ ಮೋಟಾರಿನ ತನಕ ಅರ್ಧ ಊರು ಗಂಟನ್ನು ಕಳಿಸಿಕೊಡಲು ಬಂತು. ಮೋಟಾರು ಹೊರಟಾಗ ಗುರುಬಸವ್ವ ಅಡ್ಡಬಿದ್ದು ನಮಸ್ಕಾರ ಮಾಡಿದಳು. ಸೊಂಟ ನೆಟ್ಟಗಿತ್ತು, ಸಲೀಸಾಗಿ ಎದ್ದಳು.

ಅಂದಿನಿಂದ ಉಳವಪ್ಪ ಮತ್ತೆ ಎರಡು ಹೊತ್ತು ಎಣ್ಣೆ ಕಾಸತೊಡಗಿದ. ಹೊಳೆವ್ವನಿಗೆ ಮುಂಬಯಿಯ ಸುದ್ದಿ ಹೇಳುತ್ತಿದ್ದ. ಅಲ್ಲಿ ಎರಡಂತಸ್ತಿನ ಮೋಟಾರು ಇರುತ್ತವೆ, ಸಮುದ್ರ ಇರುತ್ತದೆ, ಮಶೀನಿನ ವಾಯರು ಕೈಗೆ ಹಚ್ಚಿದರೆ ಸಣ್ಣಗೆ ಜುಮುಜುಮು ಅನ್ನುತ್ತದೆ. ತಾನೂ ನೋಡಿರಲಿಲ್ಲ, ಆದರೂ ಹೇಳುತ್ತಿದ್ದ.

"ಮೊದಲ ರೊಟ್ಟಿ ಬಡದಾಗ ನಿಮಗ ಕರೀತೇನಿ," ಎಂದಳು ಹೊಳೆವ್ವ ಒಂದು ದಿನ.

"ಕರೀದಿದ್ರೂ ಬರತೇನಿ. ಹಸಿವಿ ಆಗಿರತೈತಿ."

ಗಂಟು ಹೋದ ಹದಿನೇಳನೆಯ ದಿನ ಉಳವಪ್ಪ ದವಾಖಾನೆಯಲ್ಲಿ ಯಾರದೋ ಕಾಲಿಗೆ ಪಟ್ಟಿ ಕಟ್ಟುತ್ತಿದ್ದಾಗ ಗುರುಬಸವ್ವ ತಲೆಯ ಮೇಲಿನ ಸೆರಗಿಲ್ಲದೆ ಓಡಿಬಂದಳು. ಹೊಳೆವ್ವನಿಗೆ ಇನ್ನೊಮ್ಮೆ ಲಕ್ವಾ ಹೊಡೆದಿತ್ತು. ಡಾಕ್ಟರೂ ಉಳವಪ್ಪನೂ ಓಡಿದರು. ಉಳವಪ್ಪನ ಕೈಯಲ್ಲಿ ಅರ್ಧ ಸುತ್ತಿದ ಪಟ್ಟಿಯ ಉಂಡೆ ಹಾಗೇ ಇತ್ತು, ದಾರಿಯುದ್ದಕ್ಕೂ ಬಿಚ್ಚಿಕೊಂಡು ಬಂತು. ಮನೆ ಮುಟ್ಟಿದಾಗ ಹೊಳೆವ್ವ ಇರಲಿಲ್ಲ. ಉಳವಪ್ಪ ಮಂದಿಯನ್ನೆಲ್ಲ ಸರಿಸಿ ಹೊರಸಿನ ಮಗ್ಗುಲಿಗೆ ಕುಳಿತು, ಆ ಬಲಗೈಯನ್ನೇ ತಿಕ್ಕತೊಡಗಿದ. ಡಾಕ್ಟರು, "ಬಿಡೋ ಉಳವಪ್ಪಾ," ಅಂದರು. ಬಿಡಲಿಲ್ಲ. ಬಾಬಾಜಾನ ಸುದ್ದಿ ತಿಳಿದು ದಾಂಡೇಲಿಯಿಂದ ಬಂದ ಮೇಲೆ, ಅಂವ ಹಿಂದಿನಿಂದ ತಬ್ಬಿ ಎಬ್ಬಿಸಿದ.

ಹನ್ನೊಂದನೆಯ ದಿನ ಶಿವಗಣಾರಾಧನೆ. ಅಯ್ಯನವರ ಪಾದಪೂಜೆ ಮುಗಿದು, ಅಂಗಳದಲ್ಲಿ ಮಂದಿ ಊಟಕ್ಕೆ ಕುಳಿತ ಹೊತ್ತಿಗೆ ಸರಿಯಾಗಿ ಪೋಸ್ಟಮನ್ನು ಬಂದ. ಸರಕಾರದ ಕೆಲಸ ತಡವಾಗುತ್ತದೆ ಎಂದು ಎಲ್ಲರೂ ಬೈಯುತ್ತಾರೆ, ಬೇಗ ಆದಾಗಲೂ ಇಂಥಾ ಹೊತ್ತನ್ನೇ ಹುಡುಕಿ ಬರುತ್ತದೆ. ಅವನ ಹೆಗಲ ಮೇಲೆ ಅದೇ ಗಂಟಿತ್ತು. ಜೊತೆಗೊಂದು ಪತ್ರ. ಉಳವಪ್ಪ ಕೈ ಮುಂದೆ ಮಾಡಲಿಲ್ಲ. ಈಶಪ್ಪ ಮಾಸ್ತರರು ಒಡೆದು, ಮನಸ್ಸಿನಲ್ಲೇ ಓದಿ, ಕನ್ನಡದಲ್ಲಿ ಹೇಳಿದರು.

"ನಿಮ್ಮ ಅರ್ಜಿ ಮುಟ್ಟಿತು. ನೀವು ಕಳಿಸಿದ ಇನ್ನೂರಾ ಹನ್ನೊಂದು ಸರ್ಟಿಫಿಕೇಟುಗಳನ್ನು ನೋಡಿದೆವು. ಅದರಲ್ಲೊಂದು ಎತ್ತಿನದು ಇದ್ದಂತೆ ಕಾಣುತ್ತದೆ. ನಿಯಮದ ಪ್ರಕಾರ ಎರಡೇ ಸರ್ಟಿಫಿಕೇಟು ನೋಡಲು ಬರುತ್ತದೆ. ಯಾವ ಎರಡು ನೋಡಬೇಕೆಂದು ನೀವೇ ಆರಿಸಿ, ಒಂದು ತಿಂಗಳೊಳಗೆ ಕಳಿಸಿರಿ."

ಎಲೆಯ ಮುಂದೆ ಕುಳಿತ ಅಷ್ಟೂ ಮಂದಿ ತುತ್ತು ಬಿಟ್ಟರು.

"ಎರಡ ಅಂದ್ರ ಆತಲ್ಲ," ಅಂದರು ದ್ಯಾಮಪ್ಪಗೌಡರು. "ಒಂದು ನಂದು, ಒಂದು ಎತ್ತಿಂದು. ಎತ್ತಿಂದು ಸಾಹೇಬರ ಕಣ್ಣಿಗೆ ಆಗಲೇ ಬಿದ್ದೈತಿ."

"ಗೌಡ್ರ, ಮೊದಲು ವೀಳ್ಯ ಇಸಗೊಂಡಾಕಿ ನಾನು," ಎಂದು ಗುರುಬಸವ್ವ ಎದ್ದಳು.

"ಪೇಪರು ತಂದಾಂವ ಯಾರು?" ಅಂದ ಬಾಬಾಜಾನ.

ಅಲ್ಲಿಗೆ ಶುರುವಾಯಿತು. ಸನವಳ್ಳಿಯವರು ತಾವು ದೂರದಿಂದ ಬಂದವರೆಂದರು. ಗಿರಣಿಯವರು ಪಾಳಿ ಬಿಟ್ಟು ಬಂದವರೆಂದರು. ಒಂದು ದಿನವೂ ಉಳುಕದ ಕಿರಾಣಿಯವನು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ. ಒಬ್ಬರು ಅಂಗಿ ಜಾರಿಸಿ ಭುಜ ತೋರಿಸಿದರು, ಒಬ್ಬರು ಧೋತರ ಎತ್ತಿ ಮೊಣಕಾಲು ತೋರಿಸಿದರು. ಸಾವಿನ ಮನೆಯೆಂಬುದು ಮಂದಿಗೆ ಮರೆತೇಹೋಯಿತು. ಅವರು ಕೆಟ್ಟವರಲ್ಲ, ಆಕಿಯನ್ನು ಕಳೆದುಕೊಂಡ ಸಂಕಟವನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಗದ್ದಲದಲ್ಲಿ ಇಳಿಸಿದರು ಎಂದು ನನಗನ್ನಿಸುತ್ತದೆ.

ಉಳವಪ್ಪ ಕಂಬಕ್ಕೆ ಆನಿಕೊಂಡು ಕುಳಿತಿದ್ದ. ಅಲ್ಲಿಂದಲೇ ಬಾಯಿ ಹಾಕಿದ.

"ಇನ್ನೂರಾ ಹತ್ತು."

"ಏನಪಾ?"

"ಇನ್ನೂರಾ ಹತ್ತ ಇದ್ದೂ. ನಾ ಮೂರು ಸಲ ಎಣಿಸೇನಿ. ಮುಂಬಯಿ ಅವರಿಗೆ ಎಣಸಾಕ ಬರೂದಿಲ್ಲ."

ಹೆಂಡತಿ ಸತ್ತಾಗ ಅಳದಿದ್ದವನಿಗೆ ಈ ಒಂದರ ಲೆಕ್ಕ ತಪ್ಪಿದ್ದಕ್ಕೆ ಸಿಟ್ಟು ನೆತ್ತಿಗೇರಿತು. ಗಂಟನ್ನು ಅಂಗಳದ ನಡುವೆ ಕೆಡವಿ, ಹೊಲಿಗೆ ಹರಿದು, ಒಂದೊಂದೇ ಎಣಿಸತೊಡಗಿದ. ಮಂದಿಯೂ ಜಗಳ ಬಿಟ್ಟು ಸುತ್ತ ನಿಂತು ಅವನ ಜೊತೆ ಎಣಿಸಿದರು. ಇನ್ನೂರಾ ಹತ್ತು ಮುಗಿದವು. ಕೆಳಗೆ ಇನ್ನೊಂದು ಹಾಳೆ ಉಳಿದಿತ್ತು.

ಈಶಪ್ಪ ಮಾಸ್ತರರ ಮೋರೆ ಸಣ್ಣದಾಯಿತು. "ಅದು ಹೊಳೆವ್ವಕ್ಕಂದು. ನೀ ವೀಳ್ಯ ಹಂಚಾಕ ಹೋದಾಗ ನನ್ನ ಒಳಗ ಕರದು ಬರಸಿದಳು. ನಿನಗ ಹೇಳಬ್ಯಾಡಂತ ಆಣಿ ಹಾಕಿಸಿದಳು. ಎಲ್ಲರನ್ನೂ ಕೇಳ್ಯಾರ, ನನ್ನ ಕೇಳಿಲ್ಲ ನೋಡ್ರಿ ಮಾಸ್ತರ ಅಂತ ನಕ್ಕಳು."

ಉಳವಪ್ಪ ತಲೆಯ ಮೇಲಿನ ಚಷ್ಮಾ ಇಳಿಸಿಕೊಂಡ. ಅದು ಎಲ್ಲಿದೆ ಎಂದು ಹೇಳುವವರು ಇರಲಿಲ್ಲ, ತಾನೇ ಹುಡುಕಿಕೊಂಡ. ಓದಿದ.

"ಮುಂಬಯಿ ಸಾಹೇಬರಿಗೆ ಹಳಿಯಾಳದ ಹೊಳೆವ್ವನ ಶರಣು. ಅರ್ಜಿ ಹಾಕಿದವರು ನಮ್ಮ ಮನಿಯವರು. ಮೂರು ವರ್ಷಾತು ನನಗ ಲಕ್ವಾ ಹೊಡದು. ದಿನಕ್ಕ ಎರಡು ಹೊತ್ತು ತಿಕ್ಕತಾರ. ಆರಾಮ ಆಗಿಲ್ಲ. ಎಲ್ಲಾರೂ ಆರಾಮಾತು ಅಂತ ಬರಸಾಕತ್ಯಾರ, ನನಗ ಸುಳ್ಳು ಬರಸಾಕ ಬರೂದಿಲ್ಲ. ತಿಕ್ಕಿ ಆದಮ್ಯಾಲೆ ದಿನಾ, ಇವತ್ತ ಹೆಬ್ಬೆರಳು ಅಳ್ಳಾಡಿತು ಅಂತಾರ. ನಾನೂ ನೋಡತಿರತೇನಿ. ಅದು ಒಂದು ದಿನಾನೂ ಅಳ್ಳಾಡಿಲ್ಲ. ಆದ್ರ ಆ ಮಾತು ಕೇಳೂಣು ಅಂತ ನಾ ಮರುದಿನ ಕಣ್ಣ ತೆರೀತೇನಿ. ನಿಮ್ಮ ದವಾಖಾನ್ಯಾಗ ಕರೆಂಟಿನ ಮಶೀನ ಇರತಾವಂತ. ಮಶೀನಿಗೆ ಹಿಂಗ ಹೇಳಾಕ ಬರೂದಿಲ್ಲ. ಅದಕ್ಕ ಇಂಥಾ ಒಬ್ಬರನ್ನ ಮಗ್ಗಲಿಗೆ ಇಟಗೋರಿ. ಇಂಥಾ ಸುಳ್ಳು ಹೇಳಾಕ ಇವರಿಗೆ ನಿಮ್ಮ ಖಾತೆದಿಂದ ಪರವಾನಗಿ ಕೊಡ್ರಿ. ಇವರಿಗೆ ಅಡಿಗಿ ಬರೂದಿಲ್ಲ. ನನಗ ಬರೂದು ಆಗದಿದ್ರ ಊಟದ ವ್ಯವಸ್ಥಾ ನೀವ ನೋಡ್ರಿ."

ಕೆಳಗೆ ಒಂದು ಹೆಬ್ಬೆಟ್ಟಿತ್ತು, ಸ್ವಲ್ಪ ಸೊಟ್ಟಗೆ.

"ಬಲಗೈದು ಅದು," ಎಂದರು ಮಾಸ್ತರರು. "ಎಡಗೈದು ಒತ್ತವಾ ಅಂದೆ. ಇಷ್ಟೆಲ್ಲಾ ನಡದದ್ದು ಇದರ ಸಲುವಾಗಿ, ಇದರದ ಗುರುತು ಇರಲಿ ಅಂದಳು. ನಾನ ಹಿಡದು ಒತ್ತಿಸಿದೆ."

ಉಳವಪ್ಪ ಆಗ ಅತ್ತ. ಅಂಗಳದ ನಡುವೆ, ಇನ್ನೂರಾ ಹತ್ತು ಕಾಗದದ ಮೇಲೆ ಕುಳಿತು, ಚಿಕ್ಕ ಹುಡುಗರಂತೆ ಬಾಯಿ ತೆರೆದು ಅತ್ತ. ದ್ಯಾಮಪ್ಪಗೌಡರು ಧೋತರ ಕೆಳಗಿಳಿಸಿ, ರುಮಾಲಿನಿಂದ ಕಣ್ಣೊರೆಸಿಕೊಂಡು, ಎಲೆ ಮುಂದೆ ಹೋಗಿ ಕುಳಿತರು.

ಆದರೆ ಊರು ಊರೇ. ಒಂದು ವಾರ ಬಿಟ್ಟು, ಯಾವ ಎರಡು ಕಳಿಸಿದ ಎಂಬ ಪ್ರಶ್ನೆ ಮತ್ತೆ ಎದ್ದಿತು. ಎದುರು ಕೇಳಲು ಎಲ್ಲರಿಗೂ ಸಂಕೋಚ, ಕೇಳದೆ ಇರಲು ಯಾರಿಗೂ ಆಗದು. ಮೊದಲು ಬಂದವರು ಗೌಡರು. ಯಾರೂ ಇಲ್ಲದ ಹೊತ್ತು ನೋಡಿ, ಮೊಣಕಾಲು ನೋವಿನ ನೆವ ಮಾಡಿಕೊಂಡು ಬಂದರು.

"ಒಂದು ಹೊಳೆವ್ವಂದು ಕಳಿಸಿದೆನ್ರಿ," ಅಂದ ಉಳವಪ್ಪ.

"ಅದು ಸರಿ. ಅದು ಹೋಗಲೇಬೇಕು. ಇನ್ನೊಂದು?"

"ನಿಮ್ಮದ ರೀ. ಯಾರ ಮುಂದೂ ಅನಬ್ಯಾಡ್ರಿ, ಉಳಿದ ಮಂದಿ ನೊಂದಕೋತಾರ."

ಗೌಡರು ಎದೆ ಉಬ್ಬಿಸಿ, ಮೊಣಕಾಲು ಮರೆತು ನಡೆದು ಹೋದರು. ಆಮೇಲೆ ಕಿರಾಣಿಯವನು ಬಂದ, ಅವನಿಗೂ ಅದೇ ಉತ್ತರ. ಗಿರಣಿಯವರು ಒಬ್ಬೊಬ್ಬರೇ ಬಂದರು, ಸನವಳ್ಳಿಯವರು ಬಂದರು. ಒಂದು ತಿಂಗಳು ಕಳೆಯುವುದರೊಳಗೆ ಹಳಿಯಾಳ ತಾಲೂಕಿನಲ್ಲಿ, ಹೊಳೆವ್ವನ ಜೋಡಿ ಮುಂಬಯಿಗೆ ಹೋದದ್ದು ತನ್ನ ಹೆಸರೇ ಎಂದು ನಂಬಿದ ಮಂದಿ ಇನ್ನೂರಕ್ಕೆ ಕಡಿಮೆ ಇರಲಿಲ್ಲ. ಒಬ್ಬರೂ ಬಾಯಿ ಬಿಡಲಿಲ್ಲ. ಎದುರಿಗೆ ಸಿಕ್ಕ ಇನ್ನೊಬ್ಬರನ್ನು ಕಂಡು, ಪಾಪ ಇವರದು ಹೋಗಲಿಲ್ಲ ಎಂದು ಒಳಗೊಳಗೆ ಮರುಗಿ, ಎಂದಿಗಿಂತ ಪ್ರೀತಿಯಿಂದ ಮಾತಾಡಿಸುತ್ತಿದ್ದರು.

ಬಾಬಾಜಾನ ಮಾತ್ರ ಪೂರ್ತಿ ನಂಬಲಿಲ್ಲ. "ಖರೇ ಹೇಳು, ಪೋಸ್ಟಿಗೆ ಹಾಕೀಯೇನು?" ಎಂದ. ಉಳವಪ್ಪ ದೇವರ ಜಗಲಿಯ ಕಡೆ ನೋಡಿದ. ಅಲ್ಲಿ ವಿಭೂತಿಗಟ್ಟಿಯ ಪಕ್ಕ, ಸೊಟ್ಟ ಹೆಬ್ಬೆಟ್ಟು ಕಾಣುವಂತೆ ಮಡಿಚಿಟ್ಟ ಹಾಳೆಯೊಂದಿತ್ತು.

ಎಲ್ಲರಿಗಿಂತ ಕೊನೆಗೆ ಗುರುಬಸವ್ವ ಬಂದಳು. ಸರ್ಟಿಫಿಕೇಟಿನ ಮಾತೆತ್ತಲಿಲ್ಲ. ಎರಡು ರೊಟ್ಟಿ, ಪುಂಡಿಪಲ್ಯ ಇಟ್ಟು, ಗೋಡೆ ಹಿಡಿದು ಕೆಳಗೆ ಕೂತಳು. ಹೊಳೆವ್ವನನ್ನು ಕೊನೆಯ ದಿನ ಎತ್ತಿ ಮಲಗಿಸಿದಾಗಿನಿಂದ ಗುರುಬಸವ್ವನದೇ ಬಲಗೈ ಹಿಡಿದುಬಿಟ್ಟಿತ್ತು, ಬೆರಳು ಮಡಚಲಾಗುತ್ತಿರಲಿಲ್ಲ. ಯಾರ ಮುಂದೂ ಹೇಳಿರದ ಆ ಕೈಯನ್ನು ಈಗ ಉಳವಪ್ಪನ ಮುಂದೆ ಚಾಚಿದಳು.

ಉಳವಪ್ಪ ಎದ್ದು ಒಲೆ ಹಚ್ಚಿ, ಬೆಳ್ಳುಳ್ಳಿ ಜಜ್ಜಿ ಎಣ್ಣೆಗೆ ಹಾಕಿದ. ಹೊಳೆವ್ವ ಹೋದಂದಿನಿಂದ ಆ ಬಟ್ಟಲು ಒಲೆ ಕಂಡಿರಲಿಲ್ಲ. ಬಹಳ ಹೊತ್ತು ತಿಕ್ಕಿದ. ಮುದುಕಿಯ ಬೆರಳು ಹಾಗೇ ಇದ್ದವು.

"ಇವತ್ತ ಹೆಬ್ಬೆರಳು ಒಂಚೂರು ಅಳ್ಳಾಡಿತು ನೋಡತ್ತೀ," ಅಂದ.

ಗುರುಬಸವ್ವ ತನ್ನ ಬೆರಳನ್ನು ನೋಡಿದಳು. ಆಮೇಲೆ ಅವನ ಮೋರೆಯನ್ನು ನೋಡಿದಳು.

"ಹೌದನಪಾ?" ಅಂದಳು. "ಹಂಗಾದ್ರ ನಾಳೆ ಮುಂಜಾನೆ ಬರತೇನಿ."